ಶನಿವಾರ ಸೇತುವೆಯ ಮೇಲೆ ನಿಲ್ಲುವವನಿಗೆ

ಟಲ್ಲೋರಾ ಅಂಚೆ ಅಂಗಡಿ,
ಸೋಮವಾರ, 28 ಏಪ್ರಿಲ್ 2014

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮೊಣಕಾಲು ನೋವು ಇಳಿಯಿತೋ, ಇನ್ನೂ ಪಟ್ಟಿ ಬಿಗಿದುಕೊಂಡೇ ಗಸ್ತು ತಿರುಗುತ್ತಿದ್ದೀಯೋ? ಅತ್ತಿಗೆಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ತಪ್ಪಿತೆಂದು ಕೇಳಿ ಸಮಾಧಾನವಾಯಿತು. ಈಸ್ಟರ್‌ಗೆ ನೀವು ಬರುತ್ತೀರೆಂದು ಅಪ್ಪ ಕುರಿಯ ಇಡೀ ತೊಡೆ ತಂದಿಟ್ಟಿದ್ದ. ಕೊನೆಗೆ ಅವನೂ ನಾನೂ ವಾರವೆಲ್ಲ ಅದನ್ನೇ ಬಿಸಿ ಮಾಡಿಕೊಂಡು ತಿಂದೆವು. ಬೈಯುವುದಕ್ಕೆ ಬರೆಯುತ್ತಿಲ್ಲ, ಅದನ್ನು ಬಂದಾಗ ಮಾಡುತ್ತೇನೆ. ಫೋನು ಬಿಟ್ಟು ಕಾಗದ ಹಿಡಿದಿದ್ದೇಕೆಂದರೆ, ಫೋನಿನಲ್ಲಿ ನೀನು "ಗ್ಲೆನ್, ಡ್ಯೂಟೀಲಿದೀನಿ, ಆಮೇಲೆ ಮಾಡ್ತೀನಿ" ಅನ್ನುತ್ತೀಯ. ಆ ಆಮೇಲೆ ಎಂಬುದು ಎಂದೂ ಬರುವುದಿಲ್ಲ. ಕಾಗದವಾದರೆ ನೀನು ನಡುವೆ ಬಾಯಿ ಹಾಕಲಾರೆ. ಕೊನೆಯವರೆಗೆ ಓದು, ಓದಿ ಮುಗಿಸುವತನಕ ನಿನ್ನ ಸ್ಟೇಷನ್ನಿನಲ್ಲಿ ಯಾರ ಹತ್ತಿರವೂ ಮಾತೆತ್ತಬೇಡ.

ಶನಿವಾರ ನಮ್ಮೂರಿನಲ್ಲಿ ಗಾಂಜಾ ಕಾನೂನುಬದ್ಧವಾಗಲೆಂದು ಮೆರವಣಿಗೆ ಎನ್ನುವುದು ನಿನಗೆ ಗೊತ್ತೇ ಇದೆ. ರಸ್ತೆ ಬಂದ್ ಮಾಡುವ ಅನುಮತಿಯ ವಿಚಾರ ಮಾತಾಡಲು ಬಂದ ಸಾರ್ಜೆಂಟ್ ನನ್ನ ಕೌಂಟರಿಗೆ ಒರಗಿಕೊಂಡು, "ನಿಮ್ಮಣ್ಣನೂ ಬರ್ತಾ ಇದಾನಮ್ಮ, ಸೇತುವೆ ಮೇಲೆ ಹಾಕಿದೀವಿ, ಡ್ರೈವರ್‌ಗಳ ಜೊಲ್ಲಲ್ಲಿ ಗಾಂಜಾ ಹುಡುಕೋ ಪರೀಕ್ಷೆ ಗಾಡಿ ಜೊತೆ" ಎಂದು ನಗುತ್ತ ಹೇಳಿ ಹೋದರು. ನಾನೂ ನಕ್ಕೆ. ಅವರ ಕಾರು ತಿರುವು ದಾಟಿದ ಮೇಲೆ ಹಿಂದಿನ ಕೋಣೆಗೆ ಹೋಗಿ ಹಿಟ್ಟಿನ ಮೂಟೆಯ ಮೇಲೆ ಕೂತೆ. ಅಣ್ಣಾ, ಸುತ್ತಿ ಬಳಸದೆ ಕೇಳುತ್ತಿದ್ದೇನೆ, ಶನಿವಾರ ನೀನು ಆ ಸೇತುವೆಯ ಮೇಲೆ ಇರಬೇಡ. ಮೊಣಕಾಲು ನೋವೆಂದು ರಜೆ ಹಾಕು, ಇಲ್ಲವೇ ಬೇರೆ ಕಡೆ ಹಾಕಿಸಿಕೋ. ಯಾಕೆಂದು ಹೇಳುತ್ತೇನೆ.

ನಾನು ಇದರಲ್ಲಿ ಹೇಗೆ ಸಿಕ್ಕಿಕೊಂಡೆ ಎಂದು ನೀನು ಕೇಳುವುದು ಖಂಡಿತ. ಗುಡ್ಡದ ಮೇಲಿನ ಫೆನೆಲ್ಲಾ ಗೊತ್ತಲ್ಲ, ಮಳೆಗಾಲದಲ್ಲೂ ಬರಿಗಾಲಲ್ಲೇ ಓಡಾಡುವ ಮುದುಕಿ. ಕೆಲವು ವರ್ಷದ ಹಿಂದೆ ನೀವೆಲ್ಲ ಹೆಲಿಕಾಪ್ಟರ್‌ನಲ್ಲಿ ಬಂದು ಅವಳ ಗಿಡಗಳನ್ನು ಬೇರು ಸಮೇತ ಕಿತ್ತೊಯ್ದಾಗ, ನಿನಗೆ ನಿಂಬೆ ಪಾನಕ ಕೊಟ್ಟವಳು. ಮೆರವಣಿಗೆ ನಡೆಸುವವಳು ಅವಳೇ, ಅನುಮತಿಗೆ ಊರೊಳಗೆ ಮನೆ ಇರುವವರೊಬ್ಬರ ಹೆಸರು ಬೇಕಾಗಿತ್ತು. ಅವಳು ಕೇಳಿದಳು, ನಾನು ಹೂಂ ಅಂದೆ. ಕಾರಣ ಇನ್ನೊಂದಿತ್ತು, ಅದಕ್ಕೆ ಬರುತ್ತೇನೆ. ಆ ದಿನದಿಂದ ಊರಿನ ಅರ್ಧ ಜನ ನನ್ನ ಅಂಗಡಿಯ ಮೆಟ್ಟಿಲು ತುಳಿಯುವುದನ್ನು ಬಿಟ್ಟರು. ಬ್ರೆಡ್ಡಿಗೆ ಲಿಸ್ಮೋರ್ ಪೇಟೆಯವರೆಗೆ ಹೋಗುತ್ತಾರೆ. ಕಾಗದ ಪತ್ರಕ್ಕೆ ಮಾತ್ರ ಬರಲೇಬೇಕಲ್ಲ, ಬಂದು ಗೋಡೆ ನೋಡುತ್ತ ನಿಂತು ಇಸಿದುಕೊಂಡು ಹೋಗುತ್ತಾರೆ. ಕಟುಕ ವಾರ್ವಿಕ್ ಒಬ್ಬನೇ ಮುಖ ನೋಡಿ ಮಾತಾಡುವವನು. ಮೊನ್ನೆ ವಿದ್ಯುತ್ ಬಿಲ್ ತೆಗೆದುಕೊಳ್ಳುತ್ತ, "ಏನಮ್ಮ ಗ್ಲೆನಿಸ್, ಇನ್ಮೇಲೆ ಸ್ಟಾಂಪಿಗೆ ಅಂಟು ಹಚ್ಚೋದು ಬೇಡ ಬಿಡು, ಸೊಪ್ಪಿನ ಹೊಗೇಲೆ ಅಂಟ್ಕೊಳತ್ತೆ" ಎಂದ. ಅವನ ಸಾಸೇಜಿನಲ್ಲಿ ಮಾಂಸಕ್ಕಿಂತ ಬ್ರೆಡ್ ಪುಡಿಯೇ ಜಾಸ್ತಿ ಎನ್ನುವುದು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಈಗ ಆ ಇನ್ನೊಂದು ಕಾರಣ. ಹೋದ ವರ್ಷ ಹೋರಿ ಅಪ್ಪನನ್ನು ಬೇಲಿಗೆ ಒತ್ತಿ ಹಿಡಿದದ್ದು ನಿನಗೆ ಗೊತ್ತು. ಸೊಂಟದ ಎಲುಬು ಕೂಡಿತು, ನೋವು ಹೋಗಲಿಲ್ಲ. ಡಾಕ್ಟರು ಕೊಟ್ಟ ಗಟ್ಟಿ ಮಾತ್ರೆ ನುಂಗಿದರೆ ನೋವಿನ ಜೊತೆ ಅಪ್ಪನೂ ಹೋಗಿಬಿಡುತ್ತಿದ್ದ. ನೀರಿಲ್ಲದ ಕೆಟಲ್ ಒಲೆಯ ಮೇಲಿಟ್ಟು ಮರೆಯುತ್ತಿದ್ದ. ನನ್ನನ್ನು ಅಮ್ಮನ ಹೆಸರಿನಿಂದ ಕರೆದು, ನಾನು ತಿರುಗಿದಾಗ ಅಳುತ್ತಿದ್ದ. ನೀನು ಫೋನು ಮಾಡಿದಾಗಲೆಲ್ಲ "ಚೆನ್ನಾಗಿದೀನಿ ಕಣೋ" ಎನ್ನುತ್ತಿದ್ದನಲ್ಲ, ಆಗ ಅವನು ಹಿಂದಿನ ಹಜಾರದ ಬೆಂಚಿನಲ್ಲಿ ಹಲ್ಲು ಕಚ್ಚಿಕೊಂಡು ಮಲಗಿರುತ್ತಿದ್ದ. ಫೆನೆಲ್ಲಾ ಒಂದು ದಿನ ಸಣ್ಣ ಸೀಸೆ ತಂದಳು. ಗಾಂಜಾ ಎಣ್ಣೆ, ರಾತ್ರಿ ನಾಲಿಗೆಯ ಕೆಳಗೆ ಒಂದೆರಡು ಹನಿ. ಅಪ್ಪ ಮೊದಲು ಸೀಸೆಯನ್ನು ಸಿಂಕಿಗೆ ಸುರಿಯಲು ಹೋದ. ಆಮೇಲೆ ಒಂದು ರಾತ್ರಿ ನೋವು ತಾಳಲಾರದೆ ಹಾಕಿಕೊಂಡ. ಈಗ ಮಾತ್ರೆ ಬಿಟ್ಟಿದ್ದಾನೆ, ನಿದ್ದೆ ಮಾಡುತ್ತಾನೆ, ಬೆಳಗ್ಗೆ ತಾನೇ ಹಾಲು ಕರೆಯುತ್ತಾನೆ, ನನ್ನ ಹೆಸರು ಹಿಡಿದು ಬೈಯುತ್ತಾನೆ. ಆ ಬೈಗುಳ ಕೇಳಲು ನನಗೆಷ್ಟು ಸುಖವೆಂದು ಹೇಗೆ ಹೇಳಲಿ. ನಿನಗೆ ತಿಳಿಸೋಣವೆಂದರೆ ಬಿಡಲಿಲ್ಲ. "ಬೇಡ. ಗೊತ್ತಾದ್ರೆ ರಸೆಲ್ ಪೊಲೀಸ್ ಆಗಿರ್ಬೇಕೋ ಮಗ ಆಗಿರ್ಬೇಕೋ ಅಂತ ಒದ್ದಾಡ್ತಾನೆ. ಸುಮ್ನಿರು" ಎಂದ. ಸುಮ್ಮನಿದ್ದೆ. ಈಗ ಸುಮ್ಮನಿರುವ ಕಾಲ ಮುಗಿದಿದೆ, ಏಕೆಂದರೆ ಊರಿಗೆಲ್ಲ ಗೊತ್ತಾಗಿದೆ.

ಗೊತ್ತಾದದ್ದು ಹೀಗೆ. ಮೆರವಣಿಗೆಯ ದಿನದ ಉತ್ಸವಕ್ಕೆ ದನದ ಪ್ರದರ್ಶನದ ಮೈದಾನ ಬೇಕಾಗಿತ್ತು. ಆ ಸಮಿತಿಗೆ ಅಪ್ಪನೇ ಅಧ್ಯಕ್ಷನಲ್ಲವೇ, ಸಭೆ ಕರೆದ. ಹಾಲ್ ತುಂಬಿ ಜನ ಹೊರಗೆ ವರಾಂಡದಲ್ಲೂ ನಿಂತಿದ್ದರು. ವಾರ್ವಿಕ್ ಎದ್ದು, ನಮ್ಮ ಅಜ್ಜಂದಿರು ಕಾಡು ಕಡಿದು ಮಾಡಿದ ಮೈದಾನ ಇದು, ಇದರ ಮೇಲೆ ಸೊಪ್ಪಿನವರು ಡೋಲು ಬಡಿಯಬೇಕಾ ಎಂದು ಕೂಗಾಡಿದ. ಅವನ ಮಾತು ನನಗೆ ನಾಟಲಿಲ್ಲ. ನಾಟಿದ್ದು ಬೆರಿಲ್ ಆಡಿದ್ದು, ಶಾಲೆಯಲ್ಲಿ ನಮಗೆ ಹೊಲಿಗೆ ಹೇಳಿಕೊಟ್ಟ ಬೆರಿಲ್. ಅವಳು ಕೂಗಲಿಲ್ಲ. "ನನ್ನ ಮೊಮ್ಮಗ ಹದಿನಾರಕ್ಕೇ ಶುರು ಮಾಡ್ದ. ಈಗ ಗೋಡೆ ಜೊತೆ ಮಾತಾಡ್ತಾನೆ. ನಿಮ್ಮ ಮೆರವಣಿಗೇಲಿ ಅವನ್ನೂ ಕರ್ಕೊಂಡ್ ಬರ್ಲಾ ಗ್ಲೆನಿಸ್?" ಎಂದಳು. ಕಾನೂನಿನ ಒಳಗೆ ಬಂದರೆ ಹುಡುಗರ ಕೈಗೆ ಸಿಗುವುದು ಕಡಿಮೆಯಾಗುತ್ತದೆ ಎಂದು ಫೆನೆಲ್ಲಾ ಹೇಳಿದಳು, ನಿಜವಿರಬಹುದು, ಆದರೆ ಬೆರಿಲ್‌ಳ ಮುಖದ ಮುಂದೆ ಆ ಮಾತು ನಿಲ್ಲಲಿಲ್ಲ.

ಕೈ ಎತ್ತಿಸಿದಾಗ ಸಮಿತಿ ಸಮಸಮವಾಗಿ ಒಡೆಯಿತು. ಅಧ್ಯಕ್ಷನ ಮತ ಉಳಿಯಿತು. ವಾರ್ವಿಕ್ ಆಗಲೇ ಗೆದ್ದವನಂತೆ ಟೋಪಿ ತಲೆಗಿಟ್ಟುಕೊಂಡಿದ್ದ. ಪೊಲೀಸ್ ಮಗನ ತಂದೆ, ಚರ್ಚಿನಲ್ಲಿ ಮುಂದಿನ ಸಾಲಿನಲ್ಲಿ ಕೂರುವವನು, ಇವನು ಇನ್ನೇನು ಹೇಳಿಯಾನು ಎಂದು ಎಲ್ಲರಿಗೂ ಅನ್ನಿಸಿತ್ತು. ಅಪ್ಪ ಮೇಜು ಹಿಡಿದುಕೊಂಡು ನಿಧಾನವಾಗಿ ಎದ್ದ. "ಮೈದಾನ ಕೊಡೋಣ. ಬೆರಿಲ್, ನಿನ್ನ ನೋವು ಚಿಕ್ಕದು ಅಂತಲ್ಲ ನಾನು ಹೇಳ್ತಿರೋದು. ನಾನೂ ಅದನ್ನೇ ತಗೋತಿದೀನಿ, ಎಷ್ಟೋ ತಿಂಗಳಾಯ್ತು. ಕದ್ದು ತಗೊಂಡು, ಇಲ್ಲಿ ಬಂದು ಬೇಡ ಅಂತ ಕೈ ಎತ್ತೋಕೆ ನನ್ನಿಂದಾಗಲ್ಲ" ಎಂದ. ನಾನು ಅವನ ಕೋಟು ಹಿಡಿದು ಎಳೆದೆ, ಕೂರಲಿಲ್ಲ. ವಾರ್ವಿಕ್ ಹಿಂದಿನಿಂದ ಮೆಲ್ಲಗೆ ಅಪ್ಪನಿಗೆ, "ಹಾಗಾದ್ರೆ ಕ್ಲೆಮ್, ಇನ್ನು ಸ್ಟೀರಿಂಗ್ ಮುಟ್ಟಬೇಡ" ಎಂದ. ಅವನು ಅದನ್ನು ತಮಾಷೆಗೆ ಹೇಳಿರಲಿಲ್ಲ.

ಆಮೇಲಿನದು ಕೇಳು. ಶುಕ್ರವಾರ, ಮಡಿದ ಸೈನಿಕರನ್ನು ನೆನೆಯುವ ಆನ್‌ಜಾಕ್ ದಿನ, ಮುಂಜಾವದಲ್ಲಿ ಯುದ್ಧ ಸ್ಮಾರಕದ ಹತ್ತಿರ ಎಂದಿನಂತೆ ಎಲ್ಲರೂ ಸೇರಿದ್ದರು. ಪ್ರತಿವರ್ಷ ಹೂಚಕ್ರ ಇಡುವವನು ಅಪ್ಪ. ಈ ಸಲ ಆ ಕೆಲಸ ಬೇರೆಯವರಿಗೆ ಕೊಟ್ಟಿದ್ದರು, ಅವನಿಗೆ ಮೊದಲೇ ತಿಳಿಸುವ ಮರ್ಯಾದೆಯೂ ಇರಲಿಲ್ಲ. ಸೈನ್ಯದಲ್ಲಿ ಪಡೆದ ಪದಕಗಳನ್ನು ಉಜ್ಜಿ ಹಾಕಿಕೊಂಡು ಬಂದಿದ್ದವನು ಮೂಲೆಯಲ್ಲಿ ನಿಂತ. ಮುಗಿದ ಮೇಲೆ ರಮ್ ಹಾಕಿದ ಕಾಫಿ ಕುಡಿಯುವಾಗ ಅವನ ಪಕ್ಕ ಬಂದು ನಿಂತವಳು ಬೆರಿಲ್ ಒಬ್ಬಳೇ. ಮರುದಿನ ಬೆಳಗ್ಗೆ ನೋಡಿದರೆ ಅಪ್ಪನ ತೋಟದ ರಸ್ತೆ ಬದಿಯ ಬೇಲಿಯ ತಂತಿ ಕತ್ತರಿಸಿದ್ದರು, ಕಡಸುಗಳೆಲ್ಲ ಡಾಂಬರು ರಸ್ತೆಯ ಮೇಲೆ. ಹಾಲಿನ ಟ್ಯಾಂಕರ್ ಡ್ರೈವರ್ ನೋಡಿ ಬ್ರೇಕ್ ಹಾಕದಿದ್ದರೆ ಏನಾಗುತ್ತಿತ್ತೋ. ಯಾರು ಮಾಡಿದ್ದೆಂದು ಗೊತ್ತಿಲ್ಲ, ಗೊತ್ತಿಲ್ಲದೆ ಯಾರ ಹೆಸರನ್ನೂ ಬರೆಯುವುದಿಲ್ಲ.

ಮೆರವಣಿಗೆಗೆ ಗುಡ್ಡದವರು ತಂತಿ ಬಲೆ, ಬಟ್ಟೆಯಲ್ಲಿ ಆಳೆತ್ತರದ ಹಸಿರು ಹಸು ಮಾಡಿದ್ದಾರೆ, ಬಾಯಲ್ಲಿ ಗಾಂಜಾ ಎಲೆ. ನೋಡಿದರೆ ನಗು ಬರುತ್ತದೆ, ಕೆಚ್ಚಲು ತಪ್ಪು ಜಾಗದಲ್ಲಿದೆ. ಅದನ್ನು ಹೊರಲು ಒಪ್ಪಿದ್ದ ಲಾರಿಯವನು ನಿನ್ನೆ ಬಂದು, ಹೆಂಡತಿ ಬೇಡ ಅಂತಾಳೆ ಎಂದು ನೆಲ ನೋಡುತ್ತ ಹೇಳಿಹೋದ. ಅಪ್ಪ ಅಲ್ಲೇ ಇದ್ದ. "ನನ್ನ ಟ್ರ್ಯಾಕ್ಟರ್ ಇದೆಯಲ್ಲ" ಎಂದ. ಅಷ್ಟೇ, ತೀರ್ಮಾನವಾಗಿಹೋಯಿತು. ನಮ್ಮ ತೋಟ, ಮೈದಾನ ಎರಡೂ ಹೊಳೆಯ ಆಚೆ, ಊರು ಈಚೆ, ನಡುವೆ ಇರುವುದು ಅದೊಂದೇ ಸೇತುವೆ. ಅಪ್ಪ ಟ್ರ್ಯಾಕ್ಟರ್ ಏರಿ ಎಲ್ಲರಿಗಿಂತ ಮುಂದೆ ಬರುತ್ತಾನೆ. ಸೇತುವೆಯ ಮೇಲೆ ನೀನು. ವಾರ್ವಿಕ್ ತಾನು ಕ್ಯಾಮೆರಾ ಹಿಡಿದು ಅಲ್ಲೇ ನಿಲ್ಲುತ್ತೇನೆಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. "ಕ್ಲೆಮ್‌ನ ಮಗ ಕ್ಲೆಮ್‌ನ ಹಿಡೀತಾನೋ ಬಿಡ್ತಾನೋ ನೋಡೇ ಬಿಡೋಣ" ಎಂದು ಪಬ್ಬಿನಲ್ಲಿ ಪಂದ್ಯ ಕಟ್ಟಿದ್ದಾರಂತೆ.

ಎಣ್ಣೆ ರಾತ್ರಿ ಹಾಕಿಕೊಂಡರೂ ಬೆಳಗ್ಗೆ ತಲೆ ನೆಟ್ಟಗಿರುತ್ತದೆ, ಆದರೆ ನೀವು ಬಾಯಿಗೆ ಹಾಕುವ ಪರೀಕ್ಷೆಯ ಕಡ್ಡಿಗೆ ಅದು ಬೇಕಾಗಿಲ್ಲ, ಜೊಲ್ಲಿನಲ್ಲಿ ಕಂಡರೆ ಸಾಕು. ಲೈಸೆನ್ಸ್ ಹೋಗುತ್ತದೆ. ಎಪ್ಪತ್ತೆಂಟರ ಮುದುಕ, ಹೊಳೆಯಾಚೆ ಒಬ್ಬನೇ, ಗಾಡಿ ಇಲ್ಲದೆ ಹೇಗೆ ಬದುಕುತ್ತಾನೆ? ದನ ಮಾರಿ ಊರೊಳಗೆ ನನ್ನ ಹಿಂದಿನ ಕೋಣೆಗೆ ಬಂದು ಕೂರಬೇಕು. ಕೂತರೆ ಅವನು ಒಂದು ಚಳಿಗಾಲ ಕಳೆಯುವುದಿಲ್ಲ, ನನಗೆ ಗೊತ್ತು. ನೀನು ಹಿಡಿಯದೆ ಬಿಟ್ಟರೆ ನಿನ್ನ ಕೆಲಸ ಹೋಗುತ್ತದೆ, ಮಕ್ಕಳಿನ್ನೂ ಓದುತ್ತಿವೆ. ಎಣ್ಣೆ ಒಂದು ವಾರ ನಿಲ್ಲಿಸು ಎಂದರೆ ಅಪ್ಪ ಕೇಳುವುದಿಲ್ಲ, ಟ್ರ್ಯಾಕ್ಟರ್ ಬೇರೆಯವರು ಓಡಿಸಲಿ ಎಂದರೂ ಕೇಳುವುದಿಲ್ಲ. ಮೆರವಣಿಗೆಯನ್ನೇ ಬಿಟ್ಟುಬಿಡೋಣ ಎಂದು ಫೆನೆಲ್ಲಾಳೇ ಹೇಳಿದಳು. ಅದಕ್ಕೆ ಅಪ್ಪ ಅವಳ ಮೇಲೆ ರೇಗಿದ. ನನಗೆ ಭಯವಾಗುತ್ತಿದೆ ಅಣ್ಣಾ. ಕೈಯಾರೆ ನಾನೇ ಇದನ್ನೆಲ್ಲ ತಂದಿಟ್ಟೆನೇನೋ ಅನ್ನಿಸುತ್ತಿದೆ. ನೀನಲ್ಲದೆ ಬೇರೆ ಯಾರೇ ನಿಂತಿದ್ದರೂ ಅದು ಬರೀ ಲೈಸೆನ್ಸಿನ ಮಾತು. ನೀನು ನಿಂತರೆ ನೀವಿಬ್ಬರೂ ಇನ್ನು ಒಬ್ಬರ ಮುಖ ಒಬ್ಬರು ಹೇಗೆ ನೋಡುತ್ತೀರಿ? ದಯವಿಟ್ಟು ಆ ದಿನ ಬರಬೇಡ.

ಅತ್ತಿಗೆಗೆ ನನ್ನ ನೆನಪು ಹೇಳು. ಮಕ್ಕಳಿಗೆ ಮುತ್ತು. ಅವರಿಗೆಂದು ಹೆಣೆದ ಸ್ವೆಟರ್ ಮುಗಿದಿದೆ, ತೋಳು ಉದ್ದವಾಗಿದ್ದರೆ ಮಡಿಸಲಿ. ನಿನ್ನ ಮೊಣಕಾಲಿಗೆ ಬಿಸಿ ಶಾಖ ಕೊಡುವುದನ್ನು ತಪ್ಪಿಸಬೇಡ.

ನಿನ್ನ ತಂಗಿ,
ಗ್ಲೆನಿಸ್

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ, ಅಂಚೆ ವ್ಯಾನು ಬಂದು ನಿಂತಿದೆ. ಲಕೋಟೆಗೆ ವಿಳಾಸ ಬರೆಯುವಷ್ಟರಲ್ಲಿ ಅಪ್ಪ ಮೇವಿನ ಚೀಲಕ್ಕೆಂದು ಬಂದ. ಕೌಂಟರಿನ ಮೇಲಿದ್ದ ಕಾಗದದಲ್ಲಿ ತನ್ನ ಹೆಸರು ಕಂಡು, ಕೇಳದೆ ಎತ್ತಿಕೊಂಡು, ಕನ್ನಡಕ ಹಾಕಿಕೊಂಡು ನಿಂತಲ್ಲೇ ಪೂರ್ತಿ ಓದಿದ. ಹರಿದುಹಾಕುತ್ತಾನೆ ಎಂದುಕೊಂಡೆ. ಮಡಿಸಿ ನನ್ನ ಕೈಗಿತ್ತು ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ. "ರಜೆ ಗಿಜೆ ಹಾಕ್ಬೇಡ ಅಂತ ಬರಿ. ಅವನು ಅಡಗಿ ಕೂತ ಅಂತ ವಾರ್ವಿಕ್ ಜನ್ಮವೆಲ್ಲಾ ಆಡ್ಕೊಂಡು ನಗ್ತಾನೆ. ಯಾವನೋ ಗುರುತಿಲ್ಲದ ಹುಡುಗ ನನ್ನ ಬಾಯಿಗೆ ಕಡ್ಡಿ ಹಾಕೋದು ನಂಗೆ ಬೇಡ, ನನ್ನ ಮಗ ಹಾಕ್ಲಿ. ಊರಿನ ಮಕ್ಕಳ ಲೈಸೆನ್ಸ್ ಕಿತ್ಕೊಂಡಿದಾನೆ, ನಂದು ಬಿಟ್ರೆ ಆ ಮಕ್ಕಳ ಅಪ್ಪಂದಿರಿಗೆ ನಾನೇನು ಮುಖ ತೋರಿಸ್ಲಿ? ಸರಿಯಾಗಿ ಕೆಲ್ಸ ಮಾಡೋಕೆ ಹೇಳು. ಮಾಡಿ ಮುಗಿಸಿ, ಟ್ರ್ಯಾಕ್ಟರ್ ಮನೆಗೆ ತರೋಕೆ ಆಗ ಅವನೇ ಹತ್ತಬೇಕಾಗತ್ತಲ್ಲ, ಹತ್ತಲಿ. ಪಕ್ಕದಲ್ಲಿ ಕೂತು ನಾನು ಬರ್ತೀನಿ. ಊಟ ಮಾಡ್ಕೊಂಡು ಹೋಗ್ಲಿ." ವ್ಯಾನಿನವನು ಹಾರ್ನ್ ಹಾಕುತ್ತಿದ್ದಾನೆ. ಮೇಲೆ ಬೇಡಿಕೊಂಡಿದ್ದನ್ನೆಲ್ಲ ಬಿಟ್ಟುಬಿಡು ಅಣ್ಣಾ. ಶನಿವಾರ ಸೇತುವೆಯ ಮೇಲೆ ನೀನೇ ಇರು.