ಕಟ್ಟಿನಲ್ಲಿಲ್ಲದ ಕಾರ್ಡು

ತಿಗನಾರೆ
8-12-1996

ವಿಶಾಲಾಕ್ಷಿ,

ನೀನು ನೆಮ್ಮದಿಯಾಗಿದ್ದೀಯ ಎಂದುಕೊಂಡು ಬರೆಯುತ್ತಿದ್ದೇನೆ. ಇಲ್ಲಿ ನಾನು ಕೂತಲ್ಲಿ ಕೂರುತ್ತಿಲ್ಲ. ಈ ಕಾಗದವನ್ನೂ ಬಿಟ್ಟು ಬಿಟ್ಟು ಎದ್ದಿದ್ದೇನೆ.

ಮಗಳನ್ನು ನೀನು ಕೆಲಸ ಮಾಡುವ ಮೈಸೂರಿನ ಶಾಲೆಗೆ ಕಳಿಸುತ್ತೀರಾ ಎಂದು ನೀನು ಕೇಳಿದ್ದೆ. ಬುದ್ಧಿ ಬೆಳೆಯದ, ಮಾತು ಬಾರದ ಮಧುಶ್ರೀಗೆ ಬೇಕಾದದ್ದನ್ನು ತೋರಿಸಿ ಕೇಳಲೆಂದು ನೀನು ಕಳಿಸಿದ ಚಿತ್ರದ ಕಾರ್ಡುಗಳಿಂದ ಪ್ರಯೋಜನವಿಲ್ಲ ಎಂದು ಬರೆಯುವವನಿದ್ದೆ. ನೀರು, ಮುದ್ದೆ, ಕಂಬಳಿ ಎಲ್ಲವನ್ನೂ ಅವಳು ಕೇಳುವ ಮೊದಲೇ ಕೊಡುತ್ತೇವೆ. ಕಾರ್ಡು ಯಾಕೆ ಬೇಕು?

ಆನೆಯ ಕಾರ್ಡನ್ನು ಅವ್ವ, ಕಟ್ಟು ಬಂದ ದಿನವೇ ತೆಗೆದು ದೇವರ ಗೂಡಿನಲ್ಲಿ ವಿಭೂತಿಗಟ್ಟಿಯ ಕೆಳಗೆ ಇಟ್ಟಿದ್ದಳು. “ಒತ್ತು ಮುಳುಗ್ದ ಮ್ಯಾಲೆ ಅದ್ರ ಎಸ್ರನ್ನೇ ಎತ್ತಕಿಲ್ಲ ನಾವು. ನಿನ್ ಎಡ್ತಿ ಮೊಕಾನೇ ಕಳ್ಸವ್ಳಲ್ಲಲಾ” ಎಂದಳು.

ಮೊನ್ನೆ ಸಂಜೆ ಮಧು ಹಿತ್ತಿಲಿನಿಂದ ಓಡಿ ಬಂದು, ಕಟ್ಟು ಬಿಚ್ಚಿ ಕಾರ್ಡುಗಳನ್ನು ನೆಲಕ್ಕೆ ಸುರಿದಳು. ಒಂದೊಂದನ್ನೇ ನೋಡಿ ಎಸೆದಳು. ಅವಳೇ ಹುಡುಕಲಿ, ಆತುರಪಡಿಸಬೇಡಿ ಎಂದು ಬರೆದಿದ್ದೆಯಲ್ಲ. ಎದುರು ಕೂತು ಕಾದೆ. ಹಣೆ ಚಚ್ಚಿಕೊಂಡಳು. ಆಗಲೂ ಕಾದೆ. ಕೊನೆಗೆ ಒರಳಿನ ಮೇಲೆ ಹತ್ತಿ, ದೇವರ ಗೂಡಿಗೆ ಕೈಹಾಕಿ, ಆನೆಯನ್ನು ತಂದು ನನ್ನ ಎದೆಗೆ ಒತ್ತಿದಳು. ಅವ್ವ ಬಚ್ಚಿಟ್ಟದ್ದನ್ನು ಅವಳು ನೋಡಿದ್ದಳೆಂದು ಆಗ ತಿಳಿಯಿತು.

ಆನೆ ಬೇಲಿ ಮುರಿದ ಸದ್ದು ಆಮೇಲೆ ಕೇಳಿಸಿತು. ಅವ್ವ ಹುಲ್ಲಿನ ಮೆದೆಯ ಹತ್ತಿರವಿದ್ದಳು. ಅವಳ ಕಿವಿ ಮಂದ, ನಿನಗೆ ಗೊತ್ತು. ರಟ್ಟೆ ಹಿಡಿದು ಒಳಗೆಳೆದುಕೊಂಡೆ. ಮೆದೆ ಹೋಯಿತು. ಅವ್ವ ಇದ್ದಾಳೆ.

ಈಗ ಅವ್ವನೇ ಆನೆಯ ಹಣೆಗೆ ವಿಭೂತಿ ಬಳಿದು, ಕಾರ್ಡನ್ನು ಕಟ್ಟಿಗೆ ಸೇರಿಸಿದ್ದಾಳೆ. “ಸ್ವಾಮಿ ಅಂದ್ಕಂಡು ಮಡಿಕೊ ಕಣವ್ವ. ನಿಮ್ಮಪ್ಪನ ನೆಚ್ಕಂಡಿದ್ರೆ ನಾನು ಇಸ್ಟೊತ್ಗೆ ಸಿವನ ಪಾದ ಸೇರ್ತಿದ್ದೆ” ಎಂದು ಮೊಮ್ಮಗಳಿಗೆ ಹೇಳುತ್ತಾಳೆ.

ಶಾಲೆಯ ವಿಷಯ ನನ್ನನ್ನು ಕೇಳುವುದಲ್ಲ, ಅವಳನ್ನೇ ಕೇಳಬೇಕು ಅನ್ನಿಸಿತು. ಇಂದು ಬೆಳಿಗ್ಗೆ ಕಟ್ಟನ್ನು ಮುಂದಿಟ್ಟು, ಯಾರ ಹತ್ತಿರ ಇರುತ್ತೀಯ ಎಂದು ಕೇಳಿದೆ. ಎಲ್ಲವನ್ನೂ ಮಗುಚಿ ನೋಡಿದಳು. ಏನನ್ನೂ ಎತ್ತಲಿಲ್ಲ. ಸುಮ್ಮನೆ ನನ್ನನ್ನು ನೋಡಿದಳು.

ಇಂತಿ,
ರಾಜಶೇಖರ್

ಮರೆತ ಮಾತು: ನಿನ್ನ ಫೋಟೋ ಅಂಟಿಸಿದ ಕಾರ್ಡು ಕಟ್ಟಿನಲ್ಲಿಲ್ಲ. ಅದನ್ನು ತೆಗೆದದ್ದು ಅವ್ವನಲ್ಲ. ಮಧು ದಿನವೂ ನನ್ನ ಅಂಗಿಯ ಜೇಬನ್ನೇ ನೋಡುತ್ತಿದ್ದಳು, ಪೆನ್ನಿಗಾಗಿ ಎಂದುಕೊಂಡಿದ್ದೆ. ನಾಳೆ ಆ ಕಾರ್ಡನ್ನು ಅವಳಿಗೆ ಕೊಡುತ್ತೇನೆ. ಅವಳು ಏನು ಮಾಡುತ್ತಾಳೆಂದು ಗೊತ್ತಿರುವುದರಿಂದಲೇ ಇವತ್ತು ಕೊಟ್ಟಿಲ್ಲ.