ಮಾರುವ ಸೈಕಲ್ಲಿಗೆ ಹೊಸ ಪೆಡಲ್

ಮನೆಯಿಂದ,
ಮಾರ್ಚ್ ೧೧, ಮಂಗಳವಾರ, ಸಂಜೆ ಐದೂವರೆ

ಪ್ರೀತಿಯ ಬುಗುರಿ,

ಕಾಲು ಹೇಗಿದೆ? ಸಂಜೆಯ ಹೊತ್ತಿಗೆ ಇನ್ನೂ ಊದುತ್ತದೆಯೆ, ಅಥವಾ ಅದು ಪೂರ್ತಿ ನಿಂತಿತೆ? ವ್ಯಾಯಾಮ ಮಾಡಿಸುವವರು ಕೊಟ್ಟ ರಬ್ಬರ್ ಪಟ್ಟಿಯನ್ನು ಕಿಟಕಿಯ ಸರಳಿಗೆ ಕಟ್ಟಿ ಎಳೆಯುತ್ತೀಯಂತೆ, ಇಪ್ಪತ್ತು ಸಲ ಎಂದು ಹೇಳಿ ಹನ್ನೆರಡಕ್ಕೇ ನಿಲ್ಲಿಸುತ್ತೀಯಂತೆ. ನಿನ್ನ ಅತ್ತೆ ಫೋನಿನಲ್ಲಿ ಚಾಡಿ ಹೇಳಿದಳು. ಅವಳ ಕೆಮ್ಮು ಕಡಿಮೆಯಾಯಿತೆ? ಅವಳನ್ನೇ ಕೇಳಿದರೆ "ನಂದೇನು ಬಿಡಣ್ಣ" ಎನ್ನುತ್ತಾಳೆ, ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ಇಲ್ಲಿ ನಿನ್ನಮ್ಮನ ಭುಜದ ನೋವು ಹಾಗೇ ಇದೆ. ನಾನು ಚೆನ್ನಾಗಿದ್ದೇನೆ, ಮೊಣಕಾಲಿನ ಕೆಳಗೆ ಸ್ವಲ್ಪ ಗೀರು ಬಿದ್ದಿದೆ, ಅದರ ವಿಷಯ ಮುಂದೆ ಬರೆಯುತ್ತೇನೆ. ಫೋನು ಮಾಡುವುದು ಬಿಟ್ಟು ಕಾಗದ ಬರೆಯುತ್ತಿದ್ದಾನಲ್ಲ ಎಂದು ನಗಬೇಡ. ಫೋನಿನಲ್ಲಿ ನಾವಿಬ್ಬರೂ "ಊಟ ಆಯ್ತಾ", "ಆಯ್ತು", "ಸರಿ ಹಾಗಾದ್ರೆ" ಎಂಬಲ್ಲಿಗೆ ಬಂದು ನಿಂತು ನಾಲ್ಕು ತಿಂಗಳಾಯಿತು. ಮೂರನೆಯ ಮಹಡಿ, ಲಿಫ್ಟ್ ಇಲ್ಲ, ಪ್ಲಾಸ್ಟರ್ ಹಾಕಿದ ಕಾಲಲ್ಲಿ ಹೇಗೆ ಹತ್ತಿ ಇಳಿಯುತ್ತಾಳೆ ಎಂದು ನಿನ್ನನ್ನು ಅತ್ತೆಯ ಮನೆಗೆ ಕಳಿಸಿದೆವು. ಪ್ಲಾಸ್ಟರ್ ತೆಗೆದು ಎರಡು ತಿಂಗಳಾದರೂ ನೀನು ಬರಲಿಲ್ಲ. ಯಾಕೆ ಎಂದು ನಾವು ಕೇಳಲೂ ಇಲ್ಲ.

ಸೈಕಲ್ ಮಾರಿಬಿಡಿ ಎಂದು ನೀನು ಹೇಳಿಕಳಿಸಿದ್ದು ಮುಟ್ಟಿತು. ಅದರ ಜೊತೆಗೆ ನೀನು ಹೇಳಿಕಳಿಸದೆ ಇದ್ದದ್ದನ್ನೂ ಅತ್ತೆ ಹೇಳಿದಳು. "ಅಣ್ಣಾ, ಅವಳು ಚೆನ್ನಾಗೇ ನಡೀತಾಳೆ. ಆದ್ರೆ ಪಕ್ಕದ್ಮನೆ ಸೈಕಲ್ ಹತ್ರ ಹೋಗಿ ನಿಂತ್ಕೋತಾಳೆ. ಎಡಗಾಲು ಪೆಡಲ್ ಮೇಲಿಡ್ತಾಳೆ, ತೆಗೀತಾಳೆ, ಒಳಗೆ ಬಂದ್ಬಿಡ್ತಾಳೆ. ಯಾಕೇ ಅಂದ್ರೆ, ನನ್ನ ಕಾಲನ್ನ ನಾನೇ ನಂಬಲ್ಲ ಅತ್ತೆ, ಅವತ್ತು ತಿರುಗು ಅಂದ್ರೆ ತಿರುಗಲಿಲ್ಲ ಅದು, ಅಂತಾಳೆ." ಇದನ್ನು ಕೇಳಿದ ಮೇಲೆ ನಾನು ಒಂದು ಕಡೆ ಕೂತಿಲ್ಲ. ಕಚೇರಿಯಲ್ಲಿ ತೂಕದ ಬಟ್ಟುಗಳನ್ನು ಪರೀಕ್ಷೆ ಮಾಡುವಾಗ ಒಂದೇ ಬಟ್ಟನ್ನು ಎರಡು ಸಲ ತೂಗಿ ಮೂರನೆಯ ಸಲಕ್ಕೆ ಕೈಹಾಕುತ್ತೇನೆ. ಮನೆಯಲ್ಲಿ ಬಾಲ್ಕನಿಗೆ ಹೋಗಿ ಸೈಕಲ್ ನೋಡುತ್ತೇನೆ, ಒಳಗೆ ಬರುತ್ತೇನೆ, ಯಾಕೆ ಹೋಗಿದ್ದೆ ಎಂದು ಮರೆತು ಮತ್ತೆ ಹೋಗುತ್ತೇನೆ. ನಿನ್ನಮ್ಮ "ಅದೇನು ಕರು ಹಾಕತ್ತಾ ಅದು, ಗಳಿಗೆಗೊಂದ್ಸಲ ನೋಡ್ತೀರಲ್ಲ" ಎಂದಳು.

ಹೇಳಿದ ಮಾತನ್ನು ಮೀರಲಿಲ್ಲ. ಗ್ರೀಸ್ ಮಾಮನ ಸೈಕಲ್ ಅಂಗಡಿಯ ಬಾಗಿಲಿಗೆ ಚೀಟಿ ಅಂಟಿಸಿದೆ. (ನೀನಿಟ್ಟ ಹೆಸರು ಈಗ ಅವನ ಬೋರ್ಡಿನ ಮೇಲೂ ಬಂದಿದೆ, ಬಿಲ್ಲಿನ ಮೇಲೂ ಬಂದಿದೆ.) ಎರಡೇ ದಿನಕ್ಕೆ ಲಿಫ್ಟ್ ರಿಪೇರಿ ಮಾಡುವ ಒಬ್ಬಾತ ಫೋನು ಮಾಡಿದ. ಶನಿವಾರ ಬೆಳಗ್ಗೆ ಬಂದು ನೋಡುತ್ತಾನಂತೆ, ಹಿಡಿಸಿದರೆ ಆಗಲೇ ಒಯ್ಯುತ್ತಾನಂತೆ. ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲವೆಂದು ಕೇಳಿ ಅವನಿಗೆ ನಮ್ಮ ಮೇಲೆ ಸ್ವಲ್ಪ ಕನಿಕರ ಹುಟ್ಟಿದ ಹಾಗಿತ್ತು. ಒಂದೇ ಷರತ್ತು ಹಾಕಿದ: "ಆ ಕಾಲು ಹಿಡ್ಕೊಳ್ಳೋ ಪೆಡಲ್ ಮಾತ್ರ ನಂಗೆ ಬೇಡ ಸಾರ್. ಸಾದಾದು ಯಾವ್ದಾದ್ರೂ ಹಾಕ್ಕೊಡಿ." ಆದ್ದರಿಂದ ಪೆಡಲ್ ಕೊಳ್ಳಬೇಕಾಯಿತು. ನಿನ್ನಮ್ಮನಿಗೂ ಇದನ್ನೇ ಹೇಳಿದೆ. "ಮಾರೋ ಮನೆಗೆ ಯಾರಾದ್ರೂ ಬಣ್ಣ ಹೊಡೆಸ್ತಾರಾ?" ಎಂದಳು. ಎಲ್ಲರೂ ಹೊಡೆಸುತ್ತಾರೆ ಎಂದೆ. "ಹಾಗಾದ್ರೆ ತೀರಾ ಅಗ್ಗದ್ದು ತನ್ನಿ" ಎಂದಳು. ಒಂದು ವಸ್ತುವನ್ನು ಬಿಟ್ಟುಕೊಡುವುದಕ್ಕೂ ಇಟ್ಟುಕೊಳ್ಳುವುದಕ್ಕೂ ಮಾಡುವ ತಯಾರಿ ಒಂದೇ ಥರ ಕಾಣುತ್ತದೆ. ಹೊರಗಿನಿಂದ ನೋಡುವವರಿಗೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ, ಮಾಡುತ್ತಿರುವವನಿಗೂ ಅಷ್ಟೇ.

ಸಾದಾ ಪೆಡಲ್ ಎಂದರೆ ಎಲ್ಲ ಒಂದೇ ಎಂದುಕೊಂಡಿದ್ದೆ. ಮೊದಲು ಮುಖ್ಯರಸ್ತೆಯ ಗಾಜಿನ ಅಂಗಡಿಗೆ ಹೋದೆ. ಅಲ್ಲಿ ಪೆಡಲ್‌ಗಳನ್ನು ಒಡವೆಯ ಹಾಗೆ ಕಪ್ಪು ಬಟ್ಟೆಯ ಮೇಲಿಟ್ಟು ಮೇಲಿನಿಂದ ದೀಪ ಬಿಟ್ಟಿದ್ದಾರೆ. ಕೌಂಟರಿನ ಹೆಂಗಸು "ಎಷ್ಟರೊಳಗೆ ನೋಡ್ತಿದೀರಾ ಸರ್?" ಎಂದಳು. ಕಡಿಮೆಯೊಳಗೆ ಎಂದೆ. "ಕಡಿಮೆ ಅಂದ್ರೆ?" ಎಂದಳು. ಅವಳು ತೋರಿಸಿದ ಕಡಿಮೆಗೆ ಸೈಕಲ್ಲಿನ ಎರಡೂ ಟಯರು ಬದಲಾಯಿಸಬಹುದಿತ್ತು. ಅಲ್ಲಿಂದ ಗ್ರೀಸ್ ಮಾಮನ ಹತ್ತಿರ ಬಂದೆ. ನನ್ನನ್ನು ಕಂಡು ಪಕ್ಕದ ದಿನಸಿ ಅಂಗಡಿಯವನು ಸುಮ್ಮನೆ ಇದ್ದ ತಕ್ಕಡಿಯನ್ನು ಒರೆಸತೊಡಗಿದ. ತೂಕ-ಅಳತೆ ಇಲಾಖೆಯವನಿಗೆ ಎಲ್ಲಿಗೂ ಬರೀ ಗಿರಾಕಿಯಾಗಿ ಹೋಗುವ ಭಾಗ್ಯವಿಲ್ಲ. ಗ್ರೀಸ್ ಮಾಮ ಮೂರು ಜೊತೆ ತಂದು ಹಳೆಯ ಪತ್ರಿಕೆಯ ಮೇಲೆ ಇಟ್ಟ. ಒಂದು ಪೂರ್ತಿ ಪ್ಲಾಸ್ಟಿಕ್ಕು, ಪಾದಕ್ಕೆ ಹಿಡಿತ ಕೊಡಬೇಕಾದ ಮೊನೆಗಳೂ ಅದೇ ಪ್ಲಾಸ್ಟಿಕ್ಕು. "ಇದು ಒಣಗಿದ್ದಾಗ ಮಾತ್ರ ನೆಂಟ ಸಾರ್. ನೀರು ಬಿತ್ತೋ, ನಿಮ್ಮ ಕಾಲಿನ ಪರಿಚಯಾನೇ ಇಲ್ಲ ಅನ್ನತ್ತೆ." ಎರಡನೆಯದು ಅಲ್ಯೂಮಿನಿಯಂ. ಬೆರಳಿನಿಂದ ತಟ್ಟಿದರೆ ಫ್ಯಾನಿನ ಹಾಗೆ ತಿರುಗುತ್ತಲೇ ಇತ್ತು, ನನಗೆ ಅದೇ ಒಳ್ಳೆಯದೆನ್ನಿಸಿತು. ಅವನು ನಕ್ಕ. "ಇಷ್ಟು ಸಲೀಸಾಗಿ ತಿರುಗ್ತಿದೆ ಅಂದ್ರೆ ಒಳಗೆ ಗ್ರೀಸೇ ಇಲ್ಲ ಅಂತ. ಎರಡು ಮಳೆ ನೋಡಿದ್ರೆ ಅಳೋಕೆ ಶುರು ಮಾಡತ್ತೆ." ಮೂರನೆಯದರ ಮೈ ನೈಲಾನಿನದು, ನೋಡಲು ಚಪ್ಪಟೆ, ಮಂಕು. ಆದರೆ ಎರಡೂ ಮುಖಕ್ಕೆ ಸಣ್ಣ ಸ್ಟೀಲ್ ಪಿನ್ನುಗಳಿದ್ದವು. ಒಂದು ಬಾಗಿದರೆ ಅದೊಂದನ್ನೇ ಬಿಚ್ಚಿ ಹೊಸದು ಹಾಕಬಹುದು. ಬಂಡೆಗೆ ಬಡಿದರೆ ಲೋಹದ ಹಾಗೆ ಕಚ್ಚಿಕೊಂಡು ನಿಲ್ಲದೆ ಜಾರಿಕೊಂಡು ಹೋಗುತ್ತದಂತೆ. ಬೆಲೆ ಒಂದು ಟಯರಿಗಿಂತ ಕಡಿಮೆ.

ಆಗ ನಾನು ಚೀಲದಿಂದ ನಿನ್ನ ಹಳೆಯ ಶೂ ತೆಗೆದೆ. ಬೆಳಗ್ಗೆ ಹೊರಡುವಾಗ ಅದನ್ನು ಯಾಕೆ ಚೀಲಕ್ಕೆ ಹಾಕಿಕೊಂಡೆ ಎಂದು ನನ್ನನ್ನು ನಾನು ಕೇಳಿಕೊಂಡಿರಲಿಲ್ಲ. ಶೂವನ್ನು ಒಂದೊಂದು ಪೆಡಲಿನ ಮೇಲೂ ಇಟ್ಟು, ಕಾಲ್ಬೆರಳ ಬುಡ ಎಲ್ಲಿ ಬರುತ್ತದೆ, ಅಂಚು ಎಷ್ಟು ಹೊರಗೆ ಉಳಿಯುತ್ತದೆ ಎಂದು ನೋಡಿದೆ. ಗ್ರೀಸ್ ಮಾಮ ಕೈ ಒರೆಸಿಕೊಳ್ಳುತ್ತ ನೋಡುತ್ತಿದ್ದ. "ಕೊಳ್ಳೋರ ಕಾಲು ಇಷ್ಟು ಚಿಕ್ಕದಾ ಸಾರ್?" ಎಂದ. ನಾನು ಶೂವನ್ನು ಚೀಲಕ್ಕೆ ಹಾಕಿಕೊಂಡೆ. ಅವನು ಮುಂದೆ ಕೇಳದೆ ಮೂರನೆಯ ಜೊತೆಯನ್ನು ಕಟ್ಟಿಕೊಟ್ಟ, ಎರಡು ಪಿನ್ನು ಹೆಚ್ಚಿಗೆ ಹಾಕಿದ. ಮಧ್ಯಾಹ್ನ ಕಚೇರಿಯ ತಕ್ಕಡಿಯಲ್ಲಿ ಅವನ್ನು ತೂಗಿದೆ, ಬೇರೆ ಕೆಲಸವಿಲ್ಲದವನ ಹಾಗೆ. ಎಡದ್ದಕ್ಕೂ ಬಲದ್ದಕ್ಕೂ ಎರಡು ಗ್ರಾಂ ವ್ಯತ್ಯಾಸ. ಎದುರು ಮೇಜಿನ ಗುಮಾಸ್ತೆ "ಪೆಡಲಿಗೂ ಸೀಲ್ ಹೊಡೀತೀರಾ ಸರ್?" ಎಂದಳು. ಎರಡು ಗ್ರಾಮಿನಿಂದ ಯಾರ ಕಾಲಿಗೂ ಏನೂ ಆಗುವುದಿಲ್ಲ. ಆದರೂ ಅದನ್ನು ತಿಳಿದುಕೊಂಡಾಗ ಅರ್ಧ ಗಂಟೆ ಸಮಾಧಾನವಾಗಿತ್ತು.

ಈ ಮೇಲಿನ ಸಾಲು ಬರೆದು ಎದ್ದುಹೋಗಿ ಬಂದೆ. ನೀರು ಕುಡಿದೆ. ನಿನ್ನಮ್ಮ ಇಸ್ತ್ರಿ ಮಾಡುತ್ತಿದ್ದಾಳೆ, "ಏನು ಪುರಾಣ ಬರೀತಿದೀರಾ ಅವಳಿಗೆ" ಎಂದು ಕೇಳಿದಳು. ಪೆಡಲಿನ ವಿಷಯ ಎಂದೆ.

ಅತ್ತೆಯೂ ಈ ಕಾಗದ ಓದೇ ಓದುತ್ತಾಳೆ, ಅವಳಿಗಾಗಿ ಇಷ್ಟು ಬಿಡಿಸಿ ಹೇಳುತ್ತೇನೆ. ನಿನ್ನ ಹಳೆಯ ಪೆಡಲ್‌ಗಳು ಶೂವಿನ ಅಡಿಯ ಲೋಹದ ತುಂಡನ್ನು ಹಿಡಿದುಕೊಳ್ಳುವಂಥವು. ಹಿಮ್ಮಡಿಯನ್ನು ಹೊರಗಡೆ ತಿರುಗಿಸಿದರೆ ಬಿಡುತ್ತವೆ, ಇಲ್ಲದಿದ್ದರೆ ಬಿಡುವುದಿಲ್ಲ. ಅವನ್ನು ಹಾಕಿಸಿದ್ದು ನಾನು. ನೀನು ಬೇಡ ಅಂದಿದ್ದೆ. ರೇಸಿನ ಒಂದೊಂದು ಸುತ್ತಿನಲ್ಲೂ ಇಷ್ಟು ಸೆಕೆಂಡು ಉಳಿಯುತ್ತದೆ ಎಂದು ನಾನು ಕಾಗದದ ಮೇಲೆ ತೋರಿಸಿದ್ದೆ. ಅವತ್ತು ನೀನು ಬಿದ್ದದ್ದು ವೇಗದಿಂದಲ್ಲ. ಬಂಡೆಯ ತಿರುವಿನಲ್ಲಿ ಹೆಚ್ಚುಕಡಿಮೆ ನಿಂತೇಬಿಟ್ಟಿದ್ದೆ, ನೆಲಕ್ಕೆ ಕಾಲು ಕೊಟ್ಟಿದ್ದರೆ ಸಾಕಿತ್ತು. ಕಾಲು ಬರಲಿಲ್ಲ. ಸೈಕಲ್ಲೂ ನೀನೂ ಒಂದೇ ವಸ್ತುವಿನ ಹಾಗೆ ನಿಧಾನವಾಗಿ ಎಡಕ್ಕೆ ಮಗುಚಿದಿರಿ. ನಾನು ಹತ್ತು ಹೆಜ್ಜೆ ದೂರದಲ್ಲಿ ಗಡಿಯಾರ ಹಿಡಿದು ನಿಂತಿದ್ದೆ. ನಿನ್ನ ಕೋಚ್ ಓಡಿಬಂದು "ಗಾಬರಿ ಆದ್ರೆ ಎಲ್ಲರೂ ತಿರುಗಿಸೋದು ಮರೀತಾರಮ್ಮ, ಬೇಜಾರು ಮಾಡ್ಕೋಬೇಡ" ಎಂದರು. ನೀನು ನನ್ನ ಮುಖ ನೋಡಿದೆ. ನಾನು ಹೌದೆಂದು ತಲೆಯಾಡಿಸಿದೆ. ಎಕ್ಸ್‌ರೇ ತೆಗೆಯುವವರ ಮುಂದೆ ಅದನ್ನೇ ಹೇಳಿದೆ, ನಿನ್ನಮ್ಮನ ಮುಂದೆ ಹೇಳಿದೆ. ಹೇಳುತ್ತ ಹೇಳುತ್ತ ಆ ಮಾತಿಗೆ ಒಂದು ಆಕಾರ ಬಂತು. ಈಗ ನೀನೂ ಅದನ್ನೇ ಹೇಳುತ್ತಿದ್ದೀಯ.

ಹೊಸ ಪೆಡಲ್ ಹಾಕಿದ್ದು ಭಾನುವಾರ ಬೆಳಗ್ಗೆ. ಎಡಗಡೆಯದರ ತಿರುಪಿನ ಮರೆ ಉಲ್ಟಾ, ಎಡಕ್ಕೆ ತಿರುಗಿಸಿದರೇ ಬಿಗಿಯಾಗುವುದು ಎಂಬುದು ಗೊತ್ತಿದ್ದೂ ಒಂದು ಸಲ ಬಲವಂತ ಮಾಡಿದೆ. ಸದ್ಯ, ಮರೆ ಹಾಳಾಗಲಿಲ್ಲ. ಆಮೇಲೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಮೂರು ಮಹಡಿ ಇಳಿದು, ಕಟ್ಟಡದ ಹಿಂದಿನ ಓಣಿಯಲ್ಲಿ ಹತ್ತಿದೆ. ಹೌದು, ನಾನೇ. ಸೀಟು ನಿನ್ನ ಎತ್ತರಕ್ಕಿತ್ತು, ಮೊಣಕಾಲು ಗದ್ದಕ್ಕೆ ತಾಗುವುದೊಂದು ಬಾಕಿ. ಎರಡನೆಯ ಮಹಡಿಯ ಹಾರ್ಮೋನಿಯಂ ಟೀಚರ್ ಬಟ್ಟೆ ಒಣಹಾಕುತ್ತಿದ್ದವರು "ಮಗಳದಾ?" ಎಂದರು. ಹೌದೆಂದೆ. "ಅವಳು ಓಡಿಸಿದ್ರೇ ಚಂದ" ಎಂದರು. ಕಸದ ತೊಟ್ಟಿಯಿಂದ ಗೇಟಿನ ತನಕ ಹೋಗುವುದು, ನಿಲ್ಲುವುದಕ್ಕೆ ಮುಂಚೆ ಎಡಗಾಲು ತೆಗೆದು ನೆಲಕ್ಕಿಡುವುದು, ಮತ್ತೆ ತಿರುಗುವುದು. ಮೂವತ್ತು ಸಲ ಮಾಡಿದೆ. ತಿರುಗಿಸುವುದೇನೂ ಇಲ್ಲ, ನೆನಪಿಡುವುದೇನೂ ಇಲ್ಲ, ಕಾಲು ಎತ್ತಿದರೆ ಬರುತ್ತದೆ. ಪಿನ್ನುಗಳ ಹಿಡಿತ ಎಷ್ಟಿದೆಯೆಂದರೆ ಉಬ್ಬಿನ ಮೇಲೂ ಶೂ ಅಲ್ಲಾಡಲಿಲ್ಲ. ಕೊನೆಯ ಸಲ ಮೈಮರೆತು ಇಳಿಯುವಾಗ ಪೆಡಲು ಸುತ್ತಿ ಬಂದು ಮೊಣಕಾಲಿನ ಕೆಳಗೆ ನಾಲ್ಕು ಗೆರೆ ಎಳೆಯಿತು. ಗೀರಿನ ಕಥೆ ಇಷ್ಟೇ. ನಿನ್ನಮ್ಮ ಔಷಧಿ ಹಚ್ಚುತ್ತ "ಮಾರೋ ಸೈಕಲ್ಲಿಗೆ ರಕ್ತ ಬೇರೆ ಕೊಟ್ರಿ" ಎಂದಳು. ಆಮೇಲೆ ಹತ್ತಿಯ ಉಂಡೆಯನ್ನು ಕೈಯಲ್ಲೇ ಹಿಡಿದುಕೊಂಡು, "ರೀ, ಅವಳು ಬಂದು ಓಡಿಸ್ತಾಳಾ?" ಎಂದು ಕೇಳಿದಳು. ಮಾರುತ್ತಿರುವುದು ಅವಳಿಗೂ ಗೊತ್ತಿದೆ, ಆದರೂ ಕೇಳಿದಳು. ಉತ್ತರ ಬರಬೇಕಾದ ಜಾಗದಲ್ಲಿ ನಾನೇ ಅಡ್ಡ ನಿಂತಿದ್ದೆ.

ಇನ್ನು ಬರೆಯುವುದಕ್ಕೆ ಹೆಚ್ಚೇನಿಲ್ಲ. ನಾಳೆ ಬೆಳಗ್ಗೆ ಇದನ್ನು ಕೊರಿಯರಿಗೆ ಹಾಕಿದರೆ ಗುರುವಾರ ನಿನ್ನ ಕೈ ಸೇರುತ್ತದೆ. ಅತ್ತೆಗೆ ಬೆಚ್ಚಗಿರಲು ಹೇಳು. ರಬ್ಬರ್ ಪಟ್ಟಿ ಇಪ್ಪತ್ತು ಸಲ ಎಂದರೆ ಇಪ್ಪತ್ತೇ ಸಲ. ನೀನು ಎಲ್ಲಿದ್ದರೂ, ಏನು ಮಾಡಿದರೂ, ಏನು ಬಿಟ್ಟರೂ ನಿನಗೆ ಒಳ್ಳೆಯದಾಗಲಿ ಎನ್ನುವುದರಲ್ಲಿ ನಿನ್ನಮ್ಮನಿಗೂ ನನಗೂ ಯಾವತ್ತೂ ಜಗಳವಿಲ್ಲ.

ನಿನ್ನ
ಅಪ್ಪ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಒಡೆದೆ. ಅವತ್ತು ನೀನು ಬಾಟಲಿಗೆ ನೀರು ತುಂಬಲು ಹೋದಾಗ ನಾನು ಎಡ ಪೆಡಲಿನ ಸ್ಪ್ರಿಂಗಿನ ಸ್ಕ್ರೂ ಬಿಗಿ ಮಾಡಿದ್ದೆ. ಪೂರ್ತಿ ಎರಡು ಸುತ್ತು, ಬಿಗಿಯಾದಷ್ಟೂ ಕಾಲು ಬಿಡಿಸಿಕೊಳ್ಳುವುದು ಕಷ್ಟ. ಹಿಂದಿನ ವಾರ ಉಬ್ಬಿನಲ್ಲಿ ನಿನ್ನ ಕಾಲು ತಾನಾಗಿ ಕಳಚಿಕೊಂಡು ನಾಲ್ಕು ಸೆಕೆಂಡು ಹೋಗಿತ್ತು, ಅದಕ್ಕೆ. ನಿನಗೆ ಹೇಳಲಿಲ್ಲ, ಹೇಳಿದರೆ ನೀನು ಬೇಡ ಅನ್ನುತ್ತಿದ್ದೆ. ಆಸ್ಪತ್ರೆಯಿಂದ ಬಂದ ಸಂಜೆ ಅದನ್ನು ಮೊದಲಿದ್ದ ಹಾಗೇ ಸಡಿಲ ಮಾಡಿಟ್ಟೆ. ಕೋಚಿಗೆ ಗೊತ್ತಿಲ್ಲ, ನಿನ್ನಮ್ಮನಿಗೆ ಈಗ ಹೋಗಿ ಹೇಳುತ್ತೇನೆ. ಅತ್ತೆಯೂ ಓದಲಿ. ಶನಿವಾರ ಹತ್ತು ಗಂಟೆಗೆ ಅವನು ಬರುತ್ತಾನೆ, ಅದಕ್ಕೆ ಮುಂಚೆ ಒಂದು ಫೋನು ಮಾಡು. ಮಾರಿ ಎಂದರೆ ಮಾರುತ್ತೇನೆ, ನನ್ನ ಜೊತೆ ಮಾತು ಬೇಡವೆಂದರೆ ಅಮ್ಮನಿಗೆ ಹೇಳು. ಕಾಲನ್ನು ಮಾತ್ರ ಬೈಯಬೇಡ. ಅದು ಅವತ್ತು ತಿರುಗಿತು, ಎರಡು ಸಲ. ನಾನು ನೋಡಿದೆ.