ಹರಾಜಿನಲ್ಲಿ ಬಂದ ಕಿಲ್ಟ್

ಲಾಕ್ಲನ್ ಕಂದಾ,

ಒಲೆಯ ಮೇಲೆ ಬಾರ್ಲಿ ಸಾರಿದೆ, ಬಿಸಿ ಮಾಡಿಕೊಂಡು ಉಣ್ಣು. ಮದುವೆಗೆಂದು ನೀನು ಕಂಪ್ಯೂಟರಿನಲ್ಲಿ ಹರಾಜು ಕೂಗಿ ಕೊಂಡ ಕಿಲ್ಟನ್ನು, ಆ ಗಂಡಸರ ನೆರಿಗೆಲಂಗವನ್ನು, ಮಾತ್ರ ಉಡಬೇಡ, ತೊಳೆಯಲೂ ಬೇಡ. ಅದರ ಮೂರನೇ ನೆರಿಗೆಯಲ್ಲಿ, ಕೆಂಪು ನೂಲು ಸಾಲದೆ ಹಸಿರಿನಲ್ಲಿ ಹಾಕಿದ ರಫೂ ನನ್ನ ಕೈಯದು. ನನ್ನಣ್ಣ ಟಾರ್ಮಡ್ ಕಡೆಯ ಸಲ ದೋಣಿ ಹತ್ತಿದ ಬೆಳಿಗ್ಗೆ ಹಾಕಿಕೊಟ್ಟಿದ್ದೆ. ಜೊತೆಗೆ ಹೋದ ಫಿನ್ಲೆ ಒಬ್ಬನೇ ಮರಳಿ, "ಉಟ್ಟ ಕಿಲ್ಟಲ್ಲೇ ಮುಳುಗಿಬಿಟ್ಟ ಕಣಮ್ಮಾ, ಕಣ್ಣಾರೆ ಕಂಡೆ" ಅಂದಿದ್ದ. ಐವತ್ತು ವರ್ಷ ನಂಬಿದೆ.

ಅದರ ಬಕಲಿಗೆ ಚೂರೂ ತುಕ್ಕಿಲ್ಲ, ನೋಡು; ಅದು ಕಡಲ ನೀರನ್ನೇ ಕಂಡಿಲ್ಲ. ಅದು ಬಂದ ಪೊಟ್ಟಣದ ಮೇಲೆ ಕಳಿಸಿದವರದೆಂದು ಇರುವುದು ಫಿನ್ಲೆಯ ಮನೆಯ ವಿಳಾಸ. ಅಲ್ಲಿಗೇ ಹೊರಟಿದ್ದೇನೆ.

ಕೋಳಿಗಳನ್ನು ಗೂಡಿಗೆ ಸೇರಿಸು. ಸಂಜೆಯ ಹಡಗಿನಿಂದ ನಾನು ಇಳಿಯದಿದ್ದರೆ ಕಿಲ್ಟನ್ನೂ ಈ ಚೀಟಿಯನ್ನೂ ಪೊಲೀಸರಿಗೆ ಕೊಡು. ಅಜ್ಜಿಯೂ ಸಮುದ್ರಕ್ಕೆ ಬಿದ್ದಳು ಅಂತ ಫಿನ್ಲೆ ಹೇಳಿದರೆ ನಂಬಬೇಡ.

ಅಜ್ಜಿ